ಸೈಕಲ್ ಹುಚ್ಚಿನ ಮದುಮಗಳಿಗೆ ಏನು ಮುಯ್ಯಿ ಮಾಡೋಣ?

ನಮ್ಮ ಕೊಡಗಿನ ಕಡೆ ಮದುವೆ ಅಂದ್ರೆ ಏಪ್ರಿಲ್, ಮೇ. ಇಲ್ಲವಾದರೆ ಮಳೆಯೆಲ್ಲ ಕಳೆದು ಹುತ್ತರಿ ಹಬ್ಬದ ಹೊತ್ತಿಗೆ. ಜಡಿಮಳೆಯ ಕಕ್ಕಡ ತಿಂಗಳಲ್ಲಂತೂ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ನನ್ನ ಚಿಕ್ಕಪ್ಪನ ಮಗಳ ಮದುವೆ ಮೇ ಎರಡನೇ ವಾರ ನಿಶ್ಚಯವಾಯಿತು. ಅವಳಿಗೆ ಸೈಕಲ್ ಅಂದ್ರೆ ಪ್ರಾಣ. ಭಾನುವಾರ ಕತ್ತಲಿರುವಾಗಲೇ ಕುಶಾಲನಗರ ಬಿಟ್ಟು, ಆನೆಕಾಡು, ಸುಂಟಿಕೊಪ್ಪ ದಾಟಿ ಮಡಿಕೇರಿ ಹತ್ತಿ, ಅಲ್ಲೊಂದು ಕಾಫಿ ಕುಡಿದು, ನಾವೆಲ್ಲ ತಿಂಡಿಗೆ ಕೂರುವಷ್ಟರಲ್ಲಿ ಬೆವರು ಒರೆಸುತ್ತಾ ಬಾಗಿಲಲ್ಲಿ ನಿಂತಿರುತ್ತಾಳೆ. 200 ಕಿಮೀ ಬ್ರೆವೆ ಎರಡು ಸಲ ಮುಗಿಸಿದ್ದಾಳೆ. ಗೊತ್ತಿಲ್ಲದವರಿಗೆ: ಅದು ದೂರದ ಸೈಕಲ್ ಸವಾರಿ, ಓಟದ ಪಂದ್ಯ ಅಲ್ಲ, ಹದಿಮೂರೂವರೆ ಗಂಟೆಯೊಳಗೆ ಮುಗಿಸಿದರೆ ಸಾಕು. ಆದರೆ ಹದಿಮೂರೂವರೆ ಗಂಟೆ ಸೀಟಿನ ಮೇಲೆ ಕೂತು ನೋಡಿ, ಆಮೇಲೆ ಮಾತಾಡೋಣ.

ಅಣ್ಣ ತಮ್ಮ ಅಕ್ಕ ತಂಗಿ ಅಂತ ನಾವು ಎಂಟು ಜನ. ತಲಾ ಎರಡು ಸಾವಿರ ಹಾಕಿ ಒಂದೇ ಉಡುಗೊರೆ ಕೊಡೋಣ ಅಂತಾಯಿತು. ಆಮೇಲೆ ಹದಿನೈದು ದಿನ ಜಗಳ. ಆ ಜಗಳದಲ್ಲಿ ವಿಚಾರಿಸಿದ್ದು, ಅಂಗಡಿಗಳಲ್ಲಿ ಕೇಳಿದ್ದು, ಹಿಂದೆ ನಾನೇ ಮಾಡಿದ ಒಂದು ಎಡವಟ್ಟು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ಬೆಲೆಗಳು ನಾವು ಕೇಳಿದಾಗಿನ ಅಂದಾಜು ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ. ಮೇನಲ್ಲಿ ಕೊಟ್ಟದ್ದನ್ನು ಅವಳು ಮೊದಲ ಸಲ ಬಳಸುವುದು ಜೂನ್ ಮಳೆಯಲ್ಲಿ. ಆದ್ದರಿಂದ ಕೊಡಗಿನ ಮಳೆಗೆ ತಡೆಯುವಂಥದ್ದನ್ನು ಕೊಡಿ. ಮೈಗೆ ತಾಗುವಂಥದ್ದನ್ನು ಮಾತ್ರ ಅಂದಾಜಿನ ಮೇಲೆ ಕೊಡಬೇಡಿ.

ಅವಳ ಸೈಕಲ್ ಯಾವುದು, ಗೊತ್ತಾ?

ನಾನು ಅವಳ ತಮ್ಮನಿಗೆ ಫೋನ್ ಮಾಡಿದೆ. "ಅಕ್ಕನ ಸೈಕಲ್ ಯಾವುದೋ?"

"ನೀಲಿದು ಅಣ್ಣ."

ಇಷ್ಟೇ ಗೊತ್ತಿದ್ದರೆ ಏನನ್ನೂ ಕೊಳ್ಳಲು ಹೋಗಬೇಡಿ. ಅವಳಿಲ್ಲದ ಹೊತ್ತಲ್ಲಿ ನಾಲ್ಕು ಫೋಟೋ ತೆಗೆದು ಕಳಿಸಲು ಹೇಳಿ. ಒಂದು, ಟೈರಿನ ಪಕ್ಕದಲ್ಲಿ ಬರೆದಿರುವ ಅಳತೆ. 700x28 ಅಂತಲೋ 700x38 ಅಂತಲೋ ಇರುತ್ತದೆ. ಎರಡು, ಗಾಳಿ ಹಾಕುವ ವಾಲ್ವ್. ಮೂರು, ಬ್ರೇಕ್. ರಿಮ್ ಹಿಡಿಯುವುದೋ ಡಿಸ್ಕೋ, ಡಿಸ್ಕ್ ಆದರೆ ಕೇಬಲ್ಲೋ ಎಣ್ಣೆಯದ್ದೋ. ನಾಲ್ಕು, ಪೆಡಲ್. ಈ ನಾಲ್ಕು ಫೋಟೋ ಇಟ್ಟುಕೊಂಡು ಯಾವ ಅಂಗಡಿಗೆ ಹೋದರೂ ಅರ್ಧ ಕೆಲಸ ಮುಗಿದ ಹಾಗೆ. ಮದುವೆ ಆದಮೇಲೆ ಅವಳು ಎಲ್ಲಿರುತ್ತಾಳೆ ಅನ್ನುವುದನ್ನೂ ಕೇಳಿಟ್ಟುಕೊಳ್ಳಿ. ಬೆಂಗಳೂರಿನ ಮೂರನೇ ಮಹಡಿಯ ಎರಡು ಕೋಣೆ ಮನೆಗೂ ನಾಪೋಕ್ಲು ಕಡೆಯ ತೋಟದ ಮನೆಗೂ ಒಂದೇ ಉಡುಗೊರೆ ಆಗುವುದಿಲ್ಲ. ನಮ್ಮವಳು ಹೋಗುತ್ತಿದ್ದದ್ದು ನಾಪೋಕ್ಲು ಕಡೆಗೇ.

ಹೊಸ ಸೈಕಲ್ಲೇ ಕೊಟ್ಟುಬಿಟ್ಟರೆ?

ದೊಡ್ಡಣ್ಣನ ಮೊದಲ ಮಾತು ಇದೇ. ಮಂಟಪದ ಪಕ್ಕ ರಿಬ್ಬನ್ ಕಟ್ಟಿದ ಸೈಕಲ್, ಫೋಟೋಗೆ ಚೆನ್ನಾಗಿರುತ್ತೆ ಅಲ್ವಾ ಅಂದ. ಫೋಟೋಗೆ ಚೆನ್ನಾಗಿರುತ್ತೆ, ನಿಜ. ಆದರೆ ಸೈಕಲ್ ಅನ್ನುವುದು ಚಪ್ಪಲಿ ಇದ್ದ ಹಾಗೆ. ಕಾಲಿನ ಉದ್ದ, ಕೈ ಚಾಚುವ ದೂರ, ಎಲ್ಲ ನೋಡಿ ಫ್ರೇಮ್ ಆರಿಸಬೇಕು. ಒಂದೇ ಎತ್ತರದ ಇಬ್ಬರಿಗೆ ಬೇರೆ ಬೇರೆ ಸೈಜ್ ಬೇಕಾಗಬಹುದು. ಒಂದು ಸೈಜ್ ತಪ್ಪಿದರೂ ಮೂವತ್ತು ಕಿಮೀ ಆಗುವಷ್ಟರಲ್ಲಿ ಸೊಂಟ, ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಅವಳಿಗೇ ಹೇಳಿ, ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಕೊಡಿಸುವುದಾದರೆ ಮಾತು ಬೇರೆ. ಆಗ ನಮ್ಮ ರಸ್ತೆಗೆ ಏನು ಬೇಕು ಅಂತ ನೋಡಿ. ರೋಡ್ ಬೈಕ್ ಹೆದ್ದಾರಿಯಲ್ಲಿ ಹಾರುತ್ತದೆ, ಆದರೆ ಒಂದು ಮಳೆಗಾಲ ಕಳೆದ ತೋಟದ ರಸ್ತೆಗೆ ಅದರ ತೆಳು ಟೈರ್ ಸಾಲದು. ಎಂಟಿಬಿ, ಅಂದರೆ ಮೌಂಟನ್ ಬೈಕ್, ಎಲ್ಲಿ ಬೇಕಾದರೂ ಹೋಗುತ್ತದೆ, ಆದರೆ ಟಾರ್ ರಸ್ತೆಯಲ್ಲಿ ದೂರ ಹೋಗುವವರಿಗೆ ಅದರ ತೂಕ, ದಪ್ಪ ಟೈರು, ಮುಂದಿನ ಸಸ್ಪೆನ್ಷನ್ ಸುಮ್ನೆ ಹೊರೆ. ಇವೆರಡರ ನಡುವಿನ ಹೈಬ್ರಿಡ್ ಪರವಾಗಿಲ್ಲ, ಹೊಸಬರಿಗೆ ಒಳ್ಳೆಯದೇ. ನನ್ನನ್ನು ಕೇಳಿದರೆ ಕೊಡಗಿಗೆ ಗ್ರಾವೆಲ್ ಬೈಕ್. ರೋಡ್ ಬೈಕಿನ ಹಾಗೆ ಬಾಗಿದ ಹ್ಯಾಂಡಲ್, 38 ಅಥವಾ 40 ಎಂಎಂ ಟೈರ್, ಡಿಸ್ಕ್ ಬ್ರೇಕ್. ಮಳೆಯಲ್ಲಿ ರಿಮ್ ಬ್ರೇಕ್ ಹಿಡಿದರೆ ಮೊದಲು ರಿಮ್ಮಿನ ನೀರು ಒರೆಸಿ ಆಮೇಲೆ ಚಕ್ರ ಹಿಡಿಯುತ್ತದೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಆ "ಆಮೇಲೆ" ಅನ್ನುವುದು ಬಹಳ ದೊಡ್ಡದು.

ಗೇರಿನದ್ದೂ ಒಂದು ಮಾತು. ಅಂಗಡಿಯವರು "ಇಪ್ಪತ್ತೊಂದು ಗೇರ್ ಮೇಡಂ, ಇಪ್ಪತ್ನಾಲ್ಕು ಗೇರ್" ಅಂತ ಲೆಕ್ಕ ಹೇಳುತ್ತಾರೆ. ಎಷ್ಟು ಗೇರ್ ಅನ್ನುವುದು ಮುಖ್ಯ ಅಲ್ಲ, ಕೊನೆಯ ಗೇರ್ ಎಷ್ಟು ಹಗುರ ಅನ್ನುವುದು ಮುಖ್ಯ. ಪೆಡಲಿನ ಹತ್ತಿರದ ಚಿಕ್ಕ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ದೊಡ್ಡದರಲ್ಲೂ 34 ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಚಕ್ರವೂ ಒಂದೇ ಸುತ್ತು. ಸಂಪಾಜೆಯಿಂದ ಮಡಿಕೇರಿಗೆ ಹತ್ತಿರ ಹತ್ತಿರ ಸಾವಿರ ಮೀಟರ್ ಹತ್ತಬೇಕು. ಅಲ್ಲಿಗೆ ಕಡಿಮೆ ಅಂದರೂ ಇಷ್ಟು ಹಗುರ ಬೇಕು. ಹಿಂದೆ ಇನ್ನೂ ದೊಡ್ಡದಿದ್ದರೆ ಮೊಣಕಾಲು ನಿಮ್ಮನ್ನು ಹರಸುತ್ತದೆ.

ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಾಗಂತ ಹದಿನಾರು ಸಾವಿರಕ್ಕೆ ಅವಳು ಈಗ ಓಡಿಸುತ್ತಿರುವುದಕ್ಕಿಂತ ಒಳ್ಳೆಯ ಸೈಕಲ್ ಬರುವುದಿಲ್ಲ. ಇದ್ದದ್ದಕ್ಕಿಂತ ಕಳಪೆಯದನ್ನು ಕೊಟ್ಟರೆ ಅದು ಅಟ್ಟದ ಪಾಲು. ದೊಡ್ಡಣ್ಣನ ಮಾತು ಅಲ್ಲಿಗೆ ಬಿತ್ತು.

ಇಬ್ಬರು ಕೂತು ತುಳಿಯುವ ಟ್ಯಾಂಡಮ್ ಸೈಕಲ್ ಅಂತ ಇನ್ನೊಬ್ಬಳು ಅಂದಳು. ನೋಡಲು ಪ್ರೀತಿ ಬರುತ್ತದೆ. ಆದರೆ ಹೊಸದಾಗಿ ಮದುವೆಯಾದವರನ್ನು ಮೊದಲ ತಿಂಗಳಲ್ಲೇ ಒಂದೇ ಚೈನಿಗೆ ಕಟ್ಟಿ ಏರು ಹತ್ತಿಸುವುದು ಬೇಡ. ಗಂಡನಿಗೂ ಏನಾದರೂ ಕೊಡಬೇಕು, ಅವನಿಗೆ ಅಭ್ಯಾಸವಿಲ್ಲ ಅನ್ನುವುದಾದರೆ ಅವನಿಗೊಂದು ಇ-ಸೈಕಲ್ ಕೊಡಿಸಿ. ಮೋಟರ್ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಮೀ ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ ಲೈಸೆನ್ಸ್, ರಿಜಿಸ್ಟ್ರೇಷನ್ ಏನೂ ಬೇಡ. ಏರಿನಲ್ಲಿ ಹೆಂಡತಿಯ ಹಿಂದೆ ಮಾತಾಡುತ್ತಾ ಬರಬಹುದು. ಇದನ್ನು ಹುಡುಗನ ಕಡೆಯವರು ಕೊಡಲಿ, ನಮ್ಮ ಬಜೆಟ್ಟಿಗೆ ಬರುವುದಿಲ್ಲ.

ಮಳೆಗಾಲಕ್ಕೆ ಟ್ರೈನರ್

ಇದು ನನ್ನದೇ ಸಲಹೆ. ಬಹಳ ಜಾಣತನದ್ದು ಅಂದುಕೊಂಡಿದ್ದೆ. ಹೊರಗೆ ಜಡಿಮಳೆ, ಒಳಗೆ ಟ್ರೈನರ್ ಮೇಲೆ ಸೈಕಲ್ ನಿಲ್ಲಿಸಿಕೊಂಡು ತುಳಿಯುವುದು. ಎರಡು ಜಾತಿ ಇವೆ. ಹಿಂದಿನ ಚಕ್ರ ಬಿಚ್ಚಿ ನೇರ ಕೂರಿಸುವ ಸ್ಮಾರ್ಟ್ ಟ್ರೈನರ್ ಒಂದು. ಜ್ವಿಫ್ಟ್ ತರಹದ ಆ್ಯಪ್ ಹಾಕಿಕೊಂಡರೆ ಪರದೆಯಲ್ಲಿ ಏರು ಬಂದಾಗ ಕಾಲಿಗೂ ಏರು ಬರುತ್ತದೆ. ನಲವತ್ತು ಸಾವಿರದಿಂದ ಲಕ್ಷದ ಮೇಲೂ ಇದೆ. ಇನ್ನೊಂದು, ಚಕ್ರ ಇದ್ದ ಹಾಗೆಯೇ ಒಂದು ಉರುಳೆಯ ಮೇಲೆ ಕೂರಿಸುವುದು. ಸಾದಾ, ಅಗ್ಗ, ಟೈರ್ ಸವೆಯುತ್ತದೆ, ಸದ್ದು ಜಾಸ್ತಿ.

ಬೆಂಗಳೂರಿನಲ್ಲಿರುವ ಮದುಮಗಳಾದರೆ ಕಣ್ಣು ಮುಚ್ಚಿ ಮೊದಲನೆಯದು. ನಾಪೋಕ್ಲು ಕಡೆ? ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟು ಇವತ್ತು ಬಂತು ನಾಳೆ ಬಂತು ಅಂತ ಕಾಯುವುದೇ ಕೆಲಸ. ಹೆಚ್ಚಿನ ಸ್ಮಾರ್ಟ್ ಟ್ರೈನರ್‌ಗಳು ಪ್ಲಗ್ ಇಲ್ಲದೆ ಕೆಲಸಕ್ಕೆ ಬರುವುದಿಲ್ಲ. ಟ್ಯಾಕ್ಸ್ ನಿಯೋ ಅಂತ ಒಂದಿದೆ, ತುಳಿಯುವುದರಿಂದಲೇ ತನಗೆ ಬೇಕಾದ ವಿದ್ಯುತ್ ಮಾಡಿಕೊಳ್ಳುತ್ತದೆ, ಆದರೆ ಬೆಲೆ ಕೇಳಿದ ಮೇಲೆ ನಾವು ಮತ್ತೆ ಅದರ ಹೆಸರೆತ್ತಲಿಲ್ಲ. ಹಾಗಾಗಿ ತೋಟದ ಮನೆಗೆ, ಯಾಕೋ ತಲೆಕೆಳಗಾದ ಲೆಕ್ಕ ಅನಿಸಿದರೂ, ಕರೆಂಟೇ ಬೇಡದ ಅಗ್ಗದ ಉರುಳೆ ಟ್ರೈನರೇ ವಾಸಿ. ಹಳೇ ಮನೆಯ ಮರದ ಮಾಳಿಗೆ ಮೇಲೆ ಇಡುವುದಾದರೆ ಮಾತ್ರ ಕೆಳಗೆ ಮಲಗುವ ಅತ್ತೆ ಮಾವನನ್ನು ನೆನೆಸಿಕೊಳ್ಳಿ.

ಆದರೂ ಇದನ್ನು ನಾವು ಬಿಟ್ಟೆವು. ಕಾರಣ ಅವಳೇ. "ಮಳೆ ಬಂತು ಅಂತ ಒಳಗೆ ಕೂರೋದಾದ್ರೆ ಕೊಡಗಲ್ಲಿ ಯಾಕಿರಬೇಕು?" ಅಂತ ಯಾವತ್ತೋ ಅಂದಿದ್ದು ತಂಗಿಗೆ ನೆನಪಿತ್ತು.

ಲೈಟು, ಪಂಪು, ಮಡ್‌ಗಾರ್ಡ್

ಕೇಳಿದರೆ ಚಿಲ್ಲರೆ ಸಾಮಾನು. ಆದರೆ ನನ್ನ ಮತ ಪೂರ್ತಿ ಇದಕ್ಕೇ.

ಲೈಟಿನಿಂದ ಶುರು ಮಾಡೋಣ. ನಮ್ಮಲ್ಲಿ ಲೈಟು ರಾತ್ರಿಗೆ ಮಾತ್ರ ಅಲ್ಲ. ಬೆಳಿಗ್ಗೆ ಎಂಟಕ್ಕೂ ಮಂಜು ಮುಸುಕಿ ಹತ್ತಡಿ ಮುಂದಿನ ಜೀಪು ಕಾಣದ ದಿನ ಇರುತ್ತದೆ. ಹಿಂದಿನ ಕೆಂಪು ಲೈಟು ಹಗಲಲ್ಲೂ ಮಿನುಗುತ್ತಿರಬೇಕು. ಬ್ರೆವೆ ಹೋಗುವವರಿಗೆ ಕತ್ತಲಾದ ಮೇಲೆ ಲೈಟು, ಹೊಳೆಯುವ ಪಟ್ಟಿಯ ಜಾಕೆಟ್ ಕಡ್ಡಾಯ ಕೂಡ. ಮುಂದಿನ ಲೈಟು ದಾರಿ ಕಾಣಲು ಕಡಿಮೆ ಅಂದರೂ 400 ಲೂಮೆನ್ (ಬೆಳಕಿನ ಅಳತೆ) ಇರಲಿ, ಬೀದಿದೀಪ ಇಲ್ಲದ ತೋಟದ ರಸ್ತೆಗೆ ಅದರ ದುಪ್ಪಟ್ಟಾದರೆ ಇನ್ನೂ ಒಳ್ಳೆಯದು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಲೂಮೆನ್ ನೋಡಿ ಮರುಳಾಗಬೇಡಿ, ಆ ಬೆಳಕಿನಲ್ಲಿ ಎಷ್ಟು ಗಂಟೆ ಉರಿಯುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ಆಮೇಲೆ ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಸಂಖ್ಯೆ. ಐಪಿಎಕ್ಸ್4 ಅಂದರೆ ನೀರು ಚಿಮುಕಿದರೆ ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಮೈಸೂರಿಗೆ ನಾಲ್ಕು ಸಾಕು. ಭಾಗಮಂಡಲ ರಸ್ತೆಯ ಜುಲೈಗೆ ಏಳೇ ಬೇಕು.

ನಮ್ಮಪ್ಪನ ಅಟ್ಲಾಸ್ ಸೈಕಲ್ಲಿಗೆ ಟೈರಿಗೆ ಉಜ್ಜುವ ಡೈನಮೋ ಇತ್ತು. ಮಳೆಯಲ್ಲಿ ಟೈರ್ ಒದ್ದೆಯಾದರೆ ಜಾರಿ ಜಾರಿ ದೀಪ ಕಣ್ಣು ಮಿಟುಕಿಸುತ್ತಿತ್ತು. ಈಗ ಚಕ್ರದ ಹಬ್ಬಿನೊಳಗೇ ಕೂರುವ ಡೈನಮೋ ಬಂದಿದೆ, ದೂರ ಹೋಗುವವರು ಹಾಕಿಸಿಕೊಳ್ಳುತ್ತಾರೆ, ಚಾರ್ಜ್ ಮಾಡುವ ಗೋಜೇ ಇಲ್ಲ. ಆದರೆ ಚಕ್ರವನ್ನೇ ಬಿಚ್ಚಿ ಹೊಸದಾಗಿ ಕಟ್ಟಬೇಕು. ಗುಟ್ಟಾಗಿ ಕೊಡುವ ಉಡುಗೊರೆ ಅದಲ್ಲ.

ಪಂಪು. ನಿಂತು ಎರಡು ಕೈಯಲ್ಲಿ ಒತ್ತುವ, ಮೀಟರ್ ಇರುವ ಫ್ಲೋರ್ ಪಂಪ್. ಇಲ್ಲೇ ಆ ವಾಲ್ವ್ ಫೋಟೋ ಬೇಕಾಗುವುದು. ಸಾದಾ ಸೈಕಲ್ಲಿನ ವಾಲ್ವ್ ಬೇರೆ, ಕಾರು ಬೈಕಿನ ಹಾಗಿರುವ ಶ್ರೇಡರ್ ಬೇರೆ, ಸಣ್ಣ ತಿರುಪು ಸಡಿಲಿಸಿ ಗಾಳಿ ಹಾಕುವ ತೆಳು ಪ್ರೆಸ್ಟಾ ಬೇರೆ. ಪ್ರೆಸ್ಟಾ ಇರುವ ಸೈಕಲ್ ಹಿಡಿದು ಪೆಟ್ರೋಲ್ ಬಂಕಿಗೆ ಹೋದರೆ ಗಾಳಿ ಹಾಕುವ ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಪ್ರೆಸ್ಟಾ, ಶ್ರೇಡರ್ ಎರಡಕ್ಕೂ ಆಗುವ ಬಾಯಿ ಇರುವ ಪಂಪೇ ತನ್ನಿ. ಎರಡರಿಂದ ನಾಲ್ಕು ಸಾವಿರಕ್ಕೆ ಹತ್ತು ವರ್ಷ ಬಾಳುವಂಥದ್ದು ಸಿಗುತ್ತದೆ, ಸೈಕಲ್ ಬದಲಾದರೂ ಪಂಪ್ ಇರುತ್ತದೆ.

ಮಡ್‌ಗಾರ್ಡ್ ಅಂದರೆ ಹೊಸ ಸೈಕಲ್ಲಿನವರು ಮೂಗು ಮುರಿಯುತ್ತಾರೆ. ನಮ್ಮ ಕೆಂಪು ಕೆಸರು ಬೆನ್ನಿಗೆ ಗೆರೆ ಎಳೆದ ಮೇಲೆ ಅವರೇ ಕೇಳಿಕೊಂಡು ಬರುತ್ತಾರೆ. ಸೀಟಿಗೆ ಸಿಕ್ಕಿಸುವ ತುಂಡು ಬೇಡ, ಚಕ್ರವನ್ನು ಪೂರ್ತಿ ಸುತ್ತುವುದು ಬೇಕು. ಟೈರಿನ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಅಗಲ ಇರಬೇಕು, ಫ್ರೇಮಿನಲ್ಲಿ ತಿರುಪು ಹಾಕಲು ತೂತು ಇದೆಯಾ ನೋಡಬೇಕು. ಜತೆಗೆ ಚೈನಿಗೆ ಹಾಕುವ ಎಣ್ಣೆ. ಡ್ರೈ, ವೆಟ್ ಅಂತ ಎರಡು ಬರುತ್ತದೆ. ಡ್ರೈ ಒಂದೇ ಮಳೆಗೆ ತೊಳೆದು ಹೋಗುತ್ತದೆ. ಮೇ ಮದುವೆಗೆ ವೆಟ್ಟೇ. ಅಂದ ಹಾಗೆ ಚಿನ್ನದ ಚೈನ್ ಕೊಡೋಣ ಅಂತ ಅತ್ತೆ ಅಂದಾಗ ತಮ್ಮ ಹೇಳಿದ, "ಚೈನ್ ಅಂದ್ರೆ ಅಕ್ಕನಿಗೆ ಮೊದಲು ನೆನಪಾಗೋದು ಕತ್ತಿನದ್ದಲ್ಲ ಅತ್ತೆ."

ಸೈಕಲ್ ಎತ್ತಿ ನಿಲ್ಲಿಸಿ ಕೆಲಸ ಮಾಡುವ ರಿಪೇರಿ ಸ್ಟ್ಯಾಂಡನ್ನೂ ಇದರ ಜತೆ ಸೇರಿಸುತ್ತೇನೆ. ನಮ್ಮ ಊರಿನ ಸೈಕಲ್ ಶಾಪಿನಲ್ಲಿ ಪಂಕ್ಚರ್ ಚೆನ್ನಾಗಿಯೇ ಹಾಕುತ್ತಾರೆ, ಎಣ್ಣೆಯ ಬ್ರೇಕಿನ ಕೆಲಸ ಅಂದರೆ ಮೈಸೂರು ತೋರಿಸುತ್ತಾರೆ. ಮಡಿಕೇರಿಯಿಂದ ಸುಮಾರು 120 ಕಿಮೀ, ಕೊಡಗಿಗೆ ರೈಲೂ ಇಲ್ಲ. ಹಾಗಾಗಿ ಇಲ್ಲಿ ಸೈಕಲ್ ಹುಚ್ಚಿರುವವರು ಮೆಕ್ಯಾನಿಕ್ ಕೂಡ ಆಗಿರಲೇಬೇಕು. ಬ್ರೇಕಿಗೆ ಎಣ್ಣೆ ತುಂಬುವ ಕಿಟ್ ಕೊಡುವ ಆಸೆ ಇದ್ದರೆ ಮಾತ್ರ ಬ್ರೇಕ್ ಯಾವ ಕಂಪನಿಯದ್ದು ನೋಡಿ. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್, ಸ್ರ್ಯಾಮಿನ ಬಹಳಷ್ಟಕ್ಕೆ ಡಾಟ್ ಫ್ಲೂಯಿಡ್. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಒಳಗಿನ ಸೀಲ್ ಹಾಳು.

ಮೈಗೆ ತಾಗುವ ಸಾಮಾನು

ಈಗ ನನ್ನ ಎಡವಟ್ಟು. ಕೆಲವು ವರ್ಷದ ಹಿಂದೆ ಗೆಳೆಯನ ತಂಗಿಯ ಮದುವೆಗೆ ಹೆಲ್ಮೆಟ್ ಕೊಟ್ಟಿದ್ದೆ. ಒಳ್ಳೆಯ ಕಂಪನಿಯದ್ದು, ಬೆಲೆಯೂ ಜಾಸ್ತಿ. ಅಂಗಡಿಯವನು "ಮೀಡಿಯಂ ಎಲ್ಲರಿಗೂ ಆಗುತ್ತೆ ಸಾರ್" ಅಂದ. ಅವಳ ಕೂದಲು ಸೊಂಟದವರೆಗೆ. ಜಡೆ ಹಾಕಿದರೆ ಹಿಂದಿನ ತಿರುಪು ಕೂರುವುದಿಲ್ಲ, ಬಿಟ್ಟರೆ ಕೂದಲು ಸಿಕ್ಕಿಕೊಳ್ಳುತ್ತದೆ. ಪಾಪ, ಒಂದು ಸಲ ಹಾಕಿಕೊಂಡು ಫೋಟೋ ಕಳಿಸಿದಳು. ಆಮೇಲೆ ಅವರ ಮನೆಗೆ ಹೋದಾಗ ಅದು ಮೊಳೆಗೆ ನೇತಾಡುತ್ತಿತ್ತು, ಒಳಗೆ ಅಡಿಕೆ ಇತ್ತು.

ಹುಬ್ಬಿನ ಸ್ವಲ್ಪ ಮೇಲೆ ತಲೆಯ ಸುತ್ತ ಟೇಪು ಹಿಡಿದು ಸೆಂಟಿಮೀಟರ್ ಲೆಕ್ಕ ಸಿಕ್ಕಿದರೆ ಮಾತ್ರ ಹೆಲ್ಮೆಟ್ ಕೊಡಿ. ಶೂ ಬೇಡವೇ ಬೇಡ. ಪೆಡಲಿಗೆ ಸಿಕ್ಕಿಸುವ ಶೂಗಳಲ್ಲಿ ಎರಡು ತಿರುಪಿನದ್ದು, ಮೂರು ತಿರುಪಿನದ್ದು ಅಂತ ಬೇರೆ ಬೇರೆ ಇವೆ, ಕಾಲಿಗೆ ಆದರೂ ಪೆಡಲಿಗೆ ಆಗದೇ ಹೋಗಬಹುದು. ಜೆರ್ಸಿ ಕೂಡ ಹಾಗೇ, ಒಂದೊಂದು ದೇಶದ ಕಂಪನಿಯ ಎಂ ಸೈಜ್ ಒಂದೊಂದು ಥರ.

ಸೀಟಿನ ವಿಷಯದಲ್ಲಿ ಒಂದು ಆಸೆ ಎಲ್ಲರಿಗೂ ಬರುತ್ತದೆ. ಬ್ರೂಕ್ಸ್ ಅಂತ ಇಂಗ್ಲೆಂಡಿನ ಹಳೇ ಕಂಪನಿ, 1866ರಿಂದ ಇದೆ, ಅದರ ಚರ್ಮದ ಸೀಟು. ಕಂದು ಬಣ್ಣ, ತಾಮ್ರದ ಮೊಳೆ, ಉಡುಗೊರೆ ಅಂದರೆ ಹೀಗಿರಬೇಕು ಅನ್ನುವಂತಿರುತ್ತದೆ. ಬೆಂಗಳೂರಿನ ಮದುಮಗಳಿಗೆ ಕೊಡಿ. ನಮ್ಮಲ್ಲಿ ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ. ಆ ಸೀಟು ನೆಂದರೆ ಚರ್ಮ ಜೋತುಬೀಳುತ್ತದೆ. ಅದೇ ಕಂಪನಿಯ ಕೇಂಬಿಯಂ ಅನ್ನುವ ರಬ್ಬರಿನ ಸೀಟು ಮಳೆಗೆ ಹೆದರುವುದಿಲ್ಲ. ಆದರೂ ಕೂರುವ ಮೂಳೆಯ ಅಗಲ ಗೊತ್ತಿಲ್ಲದೆ ಸೀಟು ಕೊಡುವುದು ಜೂಜು. ಆ ಅಳತೆಯನ್ನು ಮದುಮಗಳ ಹತ್ತಿರ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು?

ಈ ಗುಂಪಿನಲ್ಲಿ ಮಳೆ ಜಾಕೆಟ್ ಒಂದೇ ಸ್ವಲ್ಪ ಕ್ಷೇಮ. ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಸ್ಕೂಟರಿನವರ ರೇನ್‌ಕೋಟ್ ಬೇಡ, ಏರು ಹತ್ತುವಾಗ ಒಳಗಿನ ಬೆವರಿಗೇ ನೆಂದುಹೋಗುತ್ತಾರೆ. ಕಂಕುಳಲ್ಲಿ ಜಿಪ್ ಇರುವ, ಬೆನ್ನು ಉದ್ದ ಇರುವ, ಎದ್ದು ಕಾಣುವ ಬಣ್ಣದ್ದು ಹುಡುಕಿ. ಕಂಬಳಿ ಕೊಪ್ಪೆಗಿಂತ ಬೆಚ್ಚಗಿನದ್ದು ಯಾವುದೂ ಇಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು, ಅದನ್ನು ಹೊದ್ದು ಸೈಕಲ್ ಹೊಡೆಯುವುದಕ್ಕಾಗುವುದಿಲ್ಲ ಅಷ್ಟೇ.

ಉಳಿದವು

ಜಿಪಿಎಸ್ ಕಂಪ್ಯೂಟರ್ ಒಳ್ಳೆಯ ಉಡುಗೊರೆ. ಅಳತೆಯ ತೊಂದರೆ ಇಲ್ಲ, ಯಾವ ಸೈಕಲ್ಲಿಗೂ ಆಗುತ್ತದೆ. ಹತ್ತು ಸಾವಿರದ ಆಸುಪಾಸಿನಲ್ಲಿ ಬ್ರೈಟನ್, ಮಜೀನ್ ಇವೆ, ಮೇಲಕ್ಕೆ ಹೋದರೆ ಗಾರ್ಮಿನ್, ವಾಹೂ. ಆದರೆ ಬ್ರೆವೆ ಹೋಗುವವಳ ಹತ್ತಿರ ಅದು ಇರುತ್ತದೆ. ನಮ್ಮವಳ ಹತ್ತಿರ ಇತ್ತು. ಹಿಂದಿನಿಂದ ಬರುವ ಗಾಡಿಯನ್ನು 140 ಮೀಟರ್ ದೂರದಿಂದಲೇ ಹೇಳುವ ರಡಾರ್ ಲೈಟೂ ಇದೆ, ಗಾರ್ಮಿನ್ ವೇರಿಯಾ. ಹೆದ್ದಾರಿಗೆ ಚಂದ. ಘಾಟಿಯಲ್ಲಿ ತಿರುವಿನ ಆಚೆ ಇರುವುದು ಅದಕ್ಕೂ ಕಾಣುವುದಿಲ್ಲ, ಅಲ್ಲಿ ಕಿವಿಯೇ ರಡಾರ್.

ಕಾರಿಗೆ ಹಾಕುವ ಸೈಕಲ್ ಕ್ಯಾರಿಯರ್ ನನಗೆ ಬಹಳ ಹಿಡಿಸಿತ್ತು. ತವರಿಗೆ ಬರುವಾಗ ಸೈಕಲ್ಲೂ ಬರಲಿ ಅನ್ನುವುದು ಎಷ್ಟು ಒಳ್ಳೆಯ ಮಾತು! ಆದರೆ ಮದುಮಗನ ಜೀಪಿನ ಹಿಂದೆ ಸ್ಟೆಪ್ನಿ ಇದೆ. ಡಿಕ್ಕಿಗೆ ಪಟ್ಟಿ ಕಟ್ಟುವ ಕ್ಯಾರಿಯರ್ ಅದಕ್ಕೆ ಕೂರುವುದಿಲ್ಲ, ಸ್ಟೆಪ್ನಿ ಮೇಲೆ ಕೂರಿಸುವುದೇ ಬೇಕು. ಬಜೆಟ್ ಮೀರಿತು. ಇನ್ನೊಂದು ಸಲ ನೋಡೋಣ.

ಪ್ರವಾಸ? ಕೊಡಗಿನ ಹುಡುಗಿಗೆ ಕೊಡಗಿನ ಹೋಮ್‌ಸ್ಟೇ ಕೊಡಬೇಡಿ, ನಗುತ್ತಾರೆ. ಕೊಡುವುದಾದರೆ ಲಡಾಕಿನ ಕಡೆಯ ಸೈಕಲ್ ಪ್ರವಾಸಕ್ಕೆ ಒಂದು ಪಾಲು ಕೊಡಿ. ನಮಗೆ ಮಳೆ ಹೊಡೆಯುವ ತಿಂಗಳುಗಳೇ ಮನಾಲಿ–ಲೇಹ್ ರಸ್ತೆ ತೆರೆದಿರುವ ಕಾಲ, ಹಿಮಾಲಯದ ಮಳೆ ನೆರಳಿನಲ್ಲಿರುವುದರಿಂದ ಅಲ್ಲಿ ಮಳೆಯೂ ಕಡಿಮೆ.

ಸೈಕಲ್ ಚಿತ್ರದ ಮಗ್, ಸೈಕಲ್ ಆಕಾರದ ಗಡಿಯಾರ, ಹಿತ್ತಾಳೆಯ ಪುಟ್ಟ ಸೈಕಲ್: ಇವನ್ನು ನೀವು ಕೊಡದಿದ್ದರೂ ಇನ್ಯಾರೋ ಮೂರು ಜನ ಕೊಟ್ಟೇ ಕೊಡುತ್ತಾರೆ.

ದುಡ್ಡಿನ ಕವರ್ ಬಗ್ಗೆ ಯಾರೂ ಮುಜುಗರ ಪಡಬೇಕಾಗಿಲ್ಲ. ಅಕ್ಕಿ ಹಾಕಿ ಹರಸಿ ಕೈಗೆ ಕಾಣಿಕೆ ಇಡುವುದು ಇಲ್ಲಿನ ಪದ್ಧತಿಯೇ, ಮದುವೆಯಲ್ಲಿ ಬಂದ ಉಡುಗೊರೆಗೆ ಆದಾಯ ತೆರಿಗೆಯೂ ಇಲ್ಲ. ಆದರೆ ಆ ದುಡ್ಡು ಮಿಕ್ಸಿಗೋ ಗ್ಯಾಸಿಗೋ ಹೋಗುತ್ತದೆ. ಸೈಕಲ್ಲಿಗೆ ಅಂತಲೇ ಇರಬೇಕಾದರೆ ಅಂಗಡಿಯ ಗಿಫ್ಟ್ ವೋಚರ್ ತನ್ನಿ, ಅವಧಿ ಮುಗಿಯುವ ತಾರೀಕು ನೋಡಿ ತನ್ನಿ.

ಕೊನೆಗೆ ನಮ್ಮ ಹದಿನಾರು ಸಾವಿರ ಹೀಗೆ ಹೋಯಿತು. ಮುಂದಿನ ಹಿಂದಿನ ಲೈಟಿಗೆ ಆರೂವರೆ, ಸ್ಟ್ಯಾಂಡಿಗೆ ನಾಲ್ಕೂವರೆ, ಪಂಪಿಗೆ ಮೂರು, ಮಡ್‌ಗಾರ್ಡಿಗೆ ಒಂದೂವರೆ. ಉಳಿದ ಐನೂರಕ್ಕೆ ಚೈನ್ ಎಣ್ಣೆ. ಬಿಲ್ಲುಗಳನ್ನೆಲ್ಲ ಒಂದು ಕವರಿಗೆ ಹಾಕಿ, ಬದಲಾಯಿಸಿಕೊಳ್ಳಲು ಎಷ್ಟು ದಿನ ಇದೆ ಅಂತ ಮೇಲೆ ಬರೆದೆವು. ಇದನ್ನು ಮರೆಯಬೇಡಿ.

ಸುತ್ತುವುದೇ ದೊಡ್ಡ ಕೆಲಸವಾಯಿತು. ಸ್ಟ್ಯಾಂಡು, ಪಂಪು ಯಾವ ಬಣ್ಣದ ಕಾಗದಕ್ಕೂ ಬಗ್ಗಲಿಲ್ಲ. ದೊಡ್ಡಪ್ಪ ಉಗ್ರಾಣದಿಂದ ಒಂದು ಕಾಫಿ ಗೋಣಿ ತಂದು ಎಲ್ಲವನ್ನೂ ಅದರೊಳಗೆ ಇಳಿಸಿ ಬಾಯಿ ಹೊಲಿದುಬಿಟ್ಟರು. ಮಂಟಪದಲ್ಲಿ ಎಲ್ಲರೂ ಅದನ್ನು ಕಾಳುಮೆಣಸು ಅಂದುಕೊಂಡರು.